ಮನೆ ಊರಲ್ಲಿ, ವಾಸ ತೋಟದಲ್ಲಿ

ಆ ಶಾಲೆಯನ್ನು ಮುಚ್ಚಿದರೆ ಮಕ್ಕಳಿಗೆ ಒಳ್ಳೆಯದೇ ಆಗುತ್ತದೆ ಎಂದು ಮೊದಲು ಹೇಳಿದ್ದು ನಮ್ಮದೇ ನಕ್ಷೆ. ಲ್ಯಾಪ್‌ಟಾಪಿನ ಪರದೆಯ ಮೇಲೆ ಶಾಲೆಗೊಂದು ನೀಲಿ ಚುಕ್ಕೆ, ಪ್ರತಿ ಮಗುವಿನ ಮನೆಗೊಂದು ಕೆಂಪು ಚುಕ್ಕೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಸಣ್ಣ ಸರ್ಕಾರಿ ಶಾಲೆಗಳಲ್ಲಿ ಯಾವುದನ್ನು ಹತ್ತಿರದ ದೊಡ್ಡ ಶಾಲೆಯ ಜೊತೆ ವಿಲೀನ ಮಾಡಬಹುದು, ಯಾವುದನ್ನು ಮುಟ್ಟಬಾರದು ಎಂದು ಅಧ್ಯಯನ ಮಾಡಿ ಹೇಳುವ ಕೆಲಸ ನಮ್ಮ ಸಂಸ್ಥೆಗೆ ಬಂದಿತ್ತು. ಹಳ್ಳಿ ತಿರುಗುವುದು ನನ್ನ ಪಾಲು. ಅಂಕಿಅಂಶ ಜೋಡಿಸಿ ವರದಿ ಬರೆಯುವುದು ಬೆಂಗಳೂರಿನ ಕಚೇರಿಯಲ್ಲಿದ್ದ ನಮ್ಮ ಸಂಯೋಜಕರ ಪಾಲು.

ಸಣ್ಣ ಶಾಲೆ ಮುಚ್ಚುತ್ತಾರೆ ಎಂದ ಕೂಡಲೇ ಎದೆ ಬಡಿದುಕೊಳ್ಳುವವಳು ನಾನಲ್ಲ. ಒಬ್ಬರೇ ಮೇಷ್ಟ್ರು ಒಂದೇ ಕೋಣೆಯಲ್ಲಿ ಐದು ತರಗತಿಯ ಮಕ್ಕಳನ್ನು ಕೂರಿಸಿಕೊಂಡು, ಒಂದು ಸಾಲಿಗೆ ಮಗ್ಗಿ, ಇನ್ನೊಂದು ಸಾಲಿಗೆ ಕಾಪಿ ಬರೆಯಲು ಹೇಳಿ, ಅಷ್ಟರಲ್ಲೇ ಬಿಸಿಯೂಟದ ಬೇಳೆ ಅಳೆದುಕೊಟ್ಟು, ನಡುವೆ ಫೋನಿನಲ್ಲಿ ಇಲಾಖೆ ಕೇಳಿದ ಮಾಹಿತಿ ತುಂಬುವುದನ್ನು ನೋಡಿ ನೋಡಿ ನನಗೆ ಸಾಕಾಗಿತ್ತು. ಅದನ್ನು ಶಾಲೆ ಅನ್ನಲು ನಾಲಿಗೆ ಏಳುತ್ತಿರಲಿಲ್ಲ. ತರಗತಿಗೊಬ್ಬ ಶಿಕ್ಷಕರಿರುವ ಕಡೆಗೆ ಆ ಮಕ್ಕಳು ಹೋಗುವಂತಾದರೆ ಯಾಕೆ ಬೇಡ? ನಡೆಯುವ ದೂರ ಹೆಚ್ಚಾಗಬಾರದು ಎಂಬುದೊಂದೇ ಷರತ್ತು. ಚಿಕ್ಕ ಮಕ್ಕಳಿಗೆ ಒಂದು ಕಿಲೋಮೀಟರಿನೊಳಗೆ ಶಾಲೆ ಇರಬೇಕು ಎಂದು ನಿಯಮವೇ ಇದೆ. ಹಾಗಾಗಿ ನಮ್ಮ ಇಡೀ ಅಧ್ಯಯನ ಒಂದು ಸಾದಾ ಪ್ರಶ್ನೆಯ ಮೇಲೆ ನಿಂತಿತ್ತು: ನಿಮ್ಮ ಮನೆ ಎಲ್ಲಿ?

ಮೊದಲು ಶಾಲೆಗೆ ಹೋಗಿ ಮಕ್ಕಳ ಹೆಸರು ತೆಗೆದುಕೊಳ್ಳುವುದು. ಆಮೇಲೆ ಅವರ ತಂದೆತಾಯಿಯನ್ನು ಹುಡುಕಿಕೊಂಡು ಹೋಗಿ, ಮನೆ ಬಾಗಿಲಲ್ಲಿ ನಿಂತು, ಫೋನಿನಲ್ಲಿ ಗುಂಡಿ ಒತ್ತಿ ಆ ಜಾಗವನ್ನು ಗುರುತು ಮಾಡುವುದು. ಮಗು ಹೇಗೆ ಶಾಲೆಗೆ ಹೋಗುತ್ತದೆ, ಯಾವಾಗ ತಪ್ಪಿಸುತ್ತದೆ, ಯಾಕೆ ತಪ್ಪಿಸುತ್ತದೆ ಎಂದು ಕೇಳಿ ಬರೆದುಕೊಳ್ಳುವುದು. ತೆಂಗಿನ ಮರಗಳ ನಡುವೆ ಫೋನಿಗೆ ಸಿಗ್ನಲ್ ಸಿಗದೆ ಗುರುತು ಒಮ್ಮೊಮ್ಮೆ ಕೆರೆಯ ನಡುವೆ ಹೋಗಿ ಕೂರುತ್ತಿತ್ತು. ಅಂಥದ್ದನ್ನೆಲ್ಲ ಸಂಜೆ ಒಂದೊಂದಾಗಿ ತಿದ್ದುತ್ತಿದ್ದೆ. ಈ ವಿಷಯದಲ್ಲಿ ನಾನು ಸ್ವಲ್ಪ ಜಾಸ್ತಿಯೇ ಶಿಸ್ತಿನವಳು. ಜೊತೆಯವರು ಹಿಂದಿನಿಂದ ನನ್ನನ್ನು ಅಮಲ್ದಾರ್ರು ಎಂದು ಕರೆಯುತ್ತಿದ್ದುದು ನನ್ನ ಕಿವಿಗೂ ಬಿದ್ದಿತ್ತು.

ನಾನು ಹೇಳುತ್ತಿರುವ ಊರಿಗೆ ಕಿಬ್ಬನಹಳ್ಳಿಯಲ್ಲಿ ಬಸ್ಸಿಳಿದು ಆಟೊ ಹಿಡಿದು ಹೋಗಬೇಕು. ಹೆಸರು ಬೇಡ. ಊರೊಳಗೆ ಏಳನೇ ತರಗತಿಯವರೆಗಿನ ದೊಡ್ಡ ಶಾಲೆ. ಊರಾಚೆ ನಾಲೆ ದಾಟಿ ಸಾಕಷ್ಟು ದೂರ ನಡೆದರೆ ತೋಟಗಳ ಮಧ್ಯೆ ಒಬ್ಬರೇ ಮೇಷ್ಟ್ರಿದ್ದ ಚಿಕ್ಕ ಶಾಲೆ. ನಾನು ಹೋದದ್ದು ಅಟ್ಟದಿಂದ ಕೊಬ್ಬರಿ ಇಳಿಸುವ ಕಾಲ. ಈ ಸೀಮೆಯಲ್ಲಿ ಬಲಿತ ತೆಂಗಿನಕಾಯಿಯನ್ನು ಮನೆಯ ಅಟ್ಟಕ್ಕೆ ಹಾಕಿ ವರ್ಷದ ಹತ್ತಿರ ಬಿಡುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಗುಡುಗುಡು ಅನ್ನುವ ಉಂಡೆ ಕೊಬ್ಬರಿಯಾಗುತ್ತದೆ. ಆಗ ಇಳಿಸಿ, ಸುಲಿದು, ಚಿಪ್ಪು ಬಿಡಿಸಿ ಮಾರುತ್ತಾರೆ. ಊರಿನ ಬೀದಿಯಲ್ಲಿ ಜಗಲಿ ಜಗಲಿಯ ಮೇಲೂ ಜನ, ಚಿಪ್ಪಿನ ರಾಶಿ. ತಂದೆತಾಯಿಯನ್ನು ಹುಡುಕಿ ಅಲೆಯುವ ಕೆಲಸವೇ ಇಲ್ಲದೆ ಎಲ್ಲರೂ ಮನೆಯಲ್ಲೇ ಸಿಕ್ಕರು. ನನಗೆ ಭಾರಿ ಖುಷಿಯಾಯಿತು.

ಒಂದು ಮನೆಯ ಹಜಾರದಲ್ಲಿ ಮೂವತ್ತರ ಆಸುಪಾಸಿನ ಹೆಂಗಸೊಬ್ಬಳು ಚಿಪ್ಪು ಬಿಡಿಸುತ್ತಾ ಕೂತಿದ್ದಳು. ಅವಳ ಮಗಳು ಆ ಚಿಕ್ಕ ಶಾಲೆಯಲ್ಲಿ ಮೂರನೇ ತರಗತಿ. ಗಂಡ ತೀರಿಕೊಂಡಿದ್ದ. ಇದು ನಿಮ್ಮ ಮನೆ ತಾನೆ ಎಂದು ನಾನು ಅವಳನ್ನು ಕೇಳಿದರೆ, ಬಾಗಿಲಲ್ಲಿ ನಿಂತಿದ್ದ ಅವಳ ಭಾವ, ಅಂದರೆ ಗಂಡನ ಅಣ್ಣ, ಉತ್ತರ ಕೊಟ್ಟರು.

"ಇನ್ಯಾರ್ದವ್ವ? ನಮ್ಮಪ್ಪ ಕಟ್ಟಿಸಿದ್ದು. ಎಲ್ಲಾ ಒಟ್ಟಿಗೇ ಇದೀವಿ."

ಅವಳೂ ಕೆಲಸ ನಿಲ್ಲಿಸದೆ, "ಹೂಂ ಮೇಡಂ, ನಮ್ಮನೇನೆ" ಅಂದಳು. ನಾನು ಹೊಸ್ತಿಲ ಹತ್ತಿರ ನಿಂತು ಗುಂಡಿ ಒತ್ತಿದೆ.

ಚಿಕ್ಕ ಶಾಲೆಯ ಮೇಷ್ಟ್ರನ್ನೂ ಮಾತಾಡಿಸಿದ್ದೆ. "ಎಲ್ಲಾ ತೋಟದ ಮಕ್ಕಳೇ ಕಣ್ರೀ" ಎಂದು ಅವರು ಹೇಳಿದ್ದರು. ಪೋಷಕರ ವೃತ್ತಿ ಎನ್ನುವ ಕಡೆ ನಾನು ತೆಂಗು ಬೆಳೆಗಾರರು ಎಂದು ತುಂಬಿಕೊಂಡು ಬಂದೆ.

ನಕ್ಷೆ ತಯಾರಾದಾಗ ಕೆಂಪು ಚುಕ್ಕೆಗಳೆಲ್ಲ ಊರಿನ ದೊಡ್ಡ ಶಾಲೆಯ ಸುತ್ತ ಗುಂಪುಗಟ್ಟಿದ್ದವು. ಚಿಕ್ಕ ಶಾಲೆಯ ನೀಲಿ ಚುಕ್ಕೆ ದೂರದ ಹಸಿರಿನಲ್ಲಿ ಒಂಟಿಯಾಗಿತ್ತು. ಅಂದರೆ ಈ ಮಕ್ಕಳು ಮನೆ ಪಕ್ಕದ ಒಳ್ಳೆಯ ಶಾಲೆಯನ್ನು ದಾಟಿಕೊಂಡು, ನಾಲೆಯ ಆಚೆಗಿನ ಬಡ ಶಾಲೆಗೆ ನಡೆದು ಹೋಗುತ್ತಿದ್ದರು. ಸಂಯೋಜಕರು ಹಿಗ್ಗಿಹೋದರು. ವಿಲೀನ ಮಾಡಿದರೆ ಮಕ್ಕಳ ನಡಿಗೆಯೇ ಉಳಿಯುತ್ತದಲ್ಲ. ಕರಡಿನಲ್ಲಿ ಅವರು ಬರೆದ ವಾಕ್ಯ ನನಗೆ ಈಗಲೂ ಬಾಯಿಗೆ ಬರುತ್ತದೆ: "ಸಮೀಪದ ಶಾಲೆಯ ಅನುಕೂಲಗಳ ಕುರಿತು ಪೋಷಕರಲ್ಲಿ ಅರಿವಿನ ಕೊರತೆ ಕಂಡುಬರುತ್ತದೆ."

ಆ ವಾಕ್ಯವನ್ನು ನಾನು ಒಪ್ಪಲಿಲ್ಲ. ಸಂತೆಯಲ್ಲಿ ಹಿಡಿ ಕೊತ್ತಂಬರಿ ಸೊಪ್ಪಿಗೂ ಚೌಕಾಸಿ ಮಾಡುವ ಜನ ತಮ್ಮ ಮಕ್ಕಳನ್ನು ಸುಮ್ಮಸುಮ್ಮನೆ ದೂರಕ್ಕೆ ಓಡಿಸುತ್ತಾರೆಯೇ? ಕೊಬ್ಬರಿಯ ಗಲಾಟೆ ಮುಗಿದ ಮೇಲೆ ಯಾರಿಗೂ ಹೇಳದೆ ಮತ್ತೆ ಹೋದೆ. ಈ ಸಲ ಮನೆಗಳಿಗೆ ಹೋಗಲಿಲ್ಲ. ಶಾಲೆ ಬಿಡುವ ಹೊತ್ತಿಗೆ ಚಿಕ್ಕ ಶಾಲೆಯ ಮುಂದೆ ನಿಂತೆ. ಮಕ್ಕಳು ಚೀಲ ಹೊತ್ತುಕೊಂಡು ಆಚೆ ಬಂದರು. ಒಂದು ಮಗುವೂ ಊರಿನ ದಾರಿ ಹಿಡಿಯಲಿಲ್ಲ. ಎಲ್ಲರೂ ತೋಟಗಳ ಒಳಕ್ಕೆ ಚದುರಿಹೋದರು.

ಆ ಹೆಂಗಸಿನ ಮಗಳು ನನ್ನನ್ನು ಗುರುತು ಹಿಡಿದಳು. ಮಾತಿನ ಮಲ್ಲಿ. ಅವಳ ಹಿಂದೆಯೇ ಹೆಜ್ಜೆ ಹಾಕಿದೆ.

"ಮನೆಗೆ ಹೋಗಲ್ವೇನೆ?" ಎಂದು ಕೇಳಿದೆ.

"ತ್ವಾಟಕ್ಕೆ ಹೋಯ್ತಿದೀನಿ."

"ಮನೆಗೆ ಯಾವಾಗ ಹೋಗ್ತೀಯ?"

"ಮನೆಗೆ ಹಬ್ಬಕ್ಕೆ ಹೋಗದು" ಅಂದಳು, ಇಷ್ಟೂ ಗೊತ್ತಿಲ್ಲವೇ ಅನ್ನುವ ಹಾಗೆ ನನ್ನ ಮುಖ ನೋಡಿ.

ತೋಟದಲ್ಲಿ ಶೀಟು ಹೊದಿಸಿದ ಎರಡು ಕೋಣೆ, ಪಕ್ಕದಲ್ಲಿ ಕೊಟ್ಟಿಗೆ, ಕೊಳವೆಬಾವಿಯ ಪಂಪು. ಒಲೆಯ ಮೇಲೆ ಅನ್ನ ಬೇಯುತ್ತಿತ್ತು. ತಂತಿಯ ಮೇಲೆ ಶಾಲೆಯ ಇನ್ನೊಂದು ಜೊತೆ ಬಟ್ಟೆ ಒಣಗುತ್ತಿತ್ತು. ತಾಯಿ ಹುಲ್ಲಿನ ಹೊರೆ ಇಳಿಸಿ, ಸೆರಗಿನಿಂದ ಬೆವರು ಒರೆಸಿಕೊಂಡು, ಕೂರಲು ಮಣೆ ಹಾಕಿದಳು. ನಾನು ನೇರವಾಗಿ, ಅವತ್ತು ಊರಿನಲ್ಲಿದ್ದದ್ದು ನಿಮ್ಮ ಮನೆ ಅಂದಿರಲ್ಲ, ಅಲ್ಲಿ ಯಾರಿರುತ್ತಾರೆ ಎಂದು ಕೇಳಿದೆ.

"ಮನೇಲಿ ಯಾರಿರ್ತಾರಕ್ಕ?" ಅಂದಳು. "ಭಾವನೋರು ಆ ಕಡೆ ಭಾಗದಾಗವ್ರೆ. ನಮ್ಮ ಭಾಗದಾಗೆ ಕಾಯಿ ಅವೆ."

"ನೀವು?"

"ನಾವು ಇಲ್ಲೇ ತ್ವಾಟದಾಗೆ. ಈ ಹೆಣ್ಣು ಮಗ ಹುಟ್ಟಕ್ಕೆ ಮುಂಚಿನಿಂದ್ಲೂವೆ."

ನಮ್ಮ ದಾವಣಗೆರೆ ಕಡೆ ಮನೆ ಎಂದರೆ ಉಂಡು ಮಲಗುವ ಜಾಗ. ಇಲ್ಲಿ ಆ ಮಾತಿಗೆ ಬೇರೆಯದೇ ತೂಕ. ಮನೆದೇವರು ಎಲ್ಲಿದೆಯೋ, ಕಾಯಿ ಹಾಕುವ ಅಟ್ಟ ಎಲ್ಲಿದೆಯೋ, ರೇಷನ್ ಕಾರ್ಡು ಯಾವ ಬಾಗಿಲ ನಂಬರಿಗಿದೆಯೋ ಅದು ಮನೆ. ಅದು ಊರೊಳಗೇ ಇರಬೇಕು. ಹೆಂಡತಿ, ಮಕ್ಕಳು, ದನಕರು ಸಮೇತ ವರ್ಷವಿಡೀ ಇರುವ ಜಾಗಕ್ಕೆ ತೋಟ ಎಂದು ಮಾತ್ರ ಹೆಸರು. ನನಗೆ ಒಬ್ಬರೂ ಸುಳ್ಳು ಹೇಳಿರಲಿಲ್ಲ. ಮನೆ ಎಲ್ಲಿ ಎಂದು ಕೇಳಿದ್ದೆ, ಮನೆ ತೋರಿಸಿದ್ದರು. ನಾನು ಬಾಗಿಲು ಬಾಗಿಲಿಗೂ ನಿಂತು ಕಾಯಿ ಒಣಗುವ ಜಾಗಗಳನ್ನು ಅಚ್ಚುಕಟ್ಟಾಗಿ ಗುರುತು ಮಾಡಿಕೊಂಡು ಬಂದಿದ್ದೆ.

ಇದು ಒಂದು ಊರಿನ ಮಾತಾಗಿದ್ದರೆ ತಿದ್ದಿಕೊಳ್ಳಬಹುದಿತ್ತು. ಮೂರು ತಾಲ್ಲೂಕಿನಲ್ಲೂ ಇದೇ ಪ್ರಶ್ನೆ ಕೇಳಿದ್ದೆವು. ಸಂಯೋಜಕರಿಗೆ ಫೋನ್ ಮಾಡಿ ಹೇಳಿದೆ. ಅವರು, "ವರದಿ ಕೊಡೋ ದಿನ ಹತ್ತಿರ ಬಂತಲ್ಲ" ಅಂದರು. ಹತ್ತಿರ ಬಂದರೆ ಬರಲಿ, ತಪ್ಪು ವರದಿ ಕೊಟ್ಟು ಏನು ಮಾಡುತ್ತೀರಿ ಎಂದು ನಾನು ಜಗಳಕ್ಕೇ ನಿಂತೆ. ಕೊನೆಗೆ, ವಿಲೀನದ ಪಟ್ಟಿಯಲ್ಲಿ ಬಂದಿರುವ ಶಾಲೆಗಳನ್ನು ಮಾತ್ರ ಮತ್ತೊಮ್ಮೆ ನೋಡಿಕೊಂಡು ಬರಬಹುದು ಎಂದು ಒಪ್ಪಿದರು.

ಪ್ರಶ್ನೆ ಬದಲಾಯಿಸಬೇಕಿತ್ತು. ಮೊದಲು, ರಾತ್ರಿ ಎಲ್ಲಿ ಮಲಗುತ್ತೀರಿ ಎಂದು ಕೇಳಿ ನೋಡಿದೆ. ಸಂಪಿಗೆ ಎಂಬ ಊರಿನ ಹತ್ತಿರ ಒಬ್ಬ ಯಜಮಾನರು ಎಲೆಅಡಿಕೆ ಜಗಿಯುವುದನ್ನು ನಿಲ್ಲಿಸಿ, "ಅದ್ನೆಲ್ಲ ಬರ್ಕೊಂಡು ಏನ್ ಮಾಡ್ತೀಯವ್ವ?" ಎಂದು ಕೇಳಿದರು. ಒಳಗಿದ್ದ ಹೆಂಡತಿ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕರು. ನಾನು ಬಿಸಿಲಲ್ಲಿ ಇನ್ನಷ್ಟು ಕೆಂಪಾಗಿ ಎದ್ದು ಬಂದೆ. ಕಡೆಗೆ ಕೈಹಿಡಿದದ್ದು, ದನ ಎಲ್ಲಿ ಕಟ್ಟುತ್ತೀರಿ ಎಂಬ ಪ್ರಶ್ನೆ. ಅದಕ್ಕೆ ಯಾರೂ ಮುಜುಗರಪಡಲಿಲ್ಲ, ತಡವರಿಸಲೂ ಇಲ್ಲ. ತೋಟದಲ್ಲಿ ಹಸು ಕಟ್ಟಿ, ಚಿರತೆ ತಿರುಗುವ ಸೀಮೆಯಲ್ಲಿ ಅದನ್ನು ಬಿಟ್ಟು ಊರಿಗೆ ಹೋಗಿ ಮಲಗುವ ಸಂಸಾರವನ್ನು ನಾನು ಕಾಣಲಿಲ್ಲ.

ಈ ಊರಿನ ನಕ್ಷೆ ತಲೆಕೆಳಗಾಯಿತು. ಚುಕ್ಕೆಗಳೆಲ್ಲ ಚಿಕ್ಕ ಶಾಲೆಯ ಸುತ್ತ ಬಂದು ಕೂತವು. ಆ ಶಾಲೆ ಮುಚ್ಚಿದರೆ ಮಕ್ಕಳು ತೋಟದಿಂದ ತೋಟಕ್ಕೆ ದಾಟಿ, ನಾಲೆಯ ಏರಿಯ ಮೇಲೆ ನಡೆದು, ನಿಯಮ ಹೇಳುವುದಕ್ಕಿಂತ ಎಷ್ಟೋ ದೂರ ಹೋಗಬೇಕು. ನಾನೇ ಆ ದಾರಿಯಲ್ಲಿ ನಡೆದು ನೋಡಿದೆ. ನಾಲೆಯಲ್ಲಿ ನೀರು ಬಿಟ್ಟಿದ್ದರು. ಏರಿ ಒಂದು ಕಡೆ ಕುಸಿದು, ದೊಡ್ಡವಳಾದ ನಾನೂ ಗಿಡ ಹಿಡಿದುಕೊಂಡು ದಾಟುವಂತಿತ್ತು. ಮೂರನೇ ತರಗತಿಯ ಹುಡುಗಿಯನ್ನು ಆ ಏರಿಯ ಮೇಲೆ ನೆನೆಸಿಕೊಂಡು ನನಗೆ ಹೆದರಿಕೆಯಾಯಿತು.

ಹೊಸ ನಕ್ಷೆ ಹಿಡಿದುಕೊಂಡು ವಿಲೀನದ ಕೆಲಸ ನೋಡುತ್ತಿದ್ದ ಅಧಿಕಾರಿಯ ಬಳಿ ಹೋದೆ. ಅಧಿಕಾರಿಗಳನ್ನು ಖಳನಾಯಕರನ್ನಾಗಿ ಮಾಡುವುದು ಸುಲಭ. ಇವರು ಹಾಗಿರಲಿಲ್ಲ. ಮೇಷ್ಟ್ರಾಗಿ ಶುರುಮಾಡಿ ಮೇಲೆ ಬಂದವರು. ಎಲ್ಲವನ್ನೂ ಕೇಳಿಸಿಕೊಂಡರು.

"ನಿಮ್ಮ ಮಾತು ನಂಬ್ತೀನಿ ಮೇಡಂ. ಆದ್ರೆ ನಮ್ಮ ದಾಖಲೆಯಲ್ಲಿ ಆ ತೋಟಗಳು ಜನವಸತಿ ಅಲ್ಲ. ಅಲ್ಲಿ ಪಂಪ್‌ಸೆಟ್ಟು, ಶೆಡ್ಡು ಇವೆ ಅಂತಿದೆ. ದೂರ ಅಳೆಯೋದು ಜನವಸತಿಯಿಂದ" ಅಂದರು. ಆಮೇಲೆ ಸ್ವಲ್ಪ ಯೋಚಿಸಿ ಒಂದು ದಾರಿ ತೋರಿಸಿದರು. ಊರಿನಲ್ಲಿ ಪೋಷಕರ ಸಭೆ ಕರೆಯುತ್ತೇನೆ. ಅಲ್ಲಿ ಒಂದು ಮನೆಯವರಾದರೂ ಎದ್ದು ನಿಂತು, ನಾವು ವಾಸವಿರುವುದು ತೋಟದಲ್ಲಿ ಎಂದು ಹೇಳಲಿ. ಅದನ್ನು ಸಭೆಯ ನಡಾವಳಿಯಲ್ಲಿ ಬರೆಸಿ ಸಹಿ ಮಾಡಲಿ. ಅಷ್ಟು ಸಿಕ್ಕರೆ ಮೇಲಿನವರ ಹತ್ತಿರ ವಾದ ಮಾಡಿ ಈ ಶಾಲೆಯನ್ನು ಪಟ್ಟಿಯಿಂದ ತೆಗೆಸುತ್ತೇನೆ ಎಂದರು.

ಇಷ್ಟೇ ತಾನೆ ಅಂದುಕೊಂಡು ನಾನು ತೋಟ ತೋಟ ಸುತ್ತಿದೆ. ಒಬ್ಬರಾದ ಮೇಲೊಬ್ಬರು ಹಿಂದೆ ಸರಿದರು. ತೋಟದ ಮನೆಗಳಲ್ಲಿ ಉರಿಯುವ ದೀಪಕ್ಕೆ ಬೇಸಾಯಕ್ಕೆಂದು ಕೊಟ್ಟ ಪಂಪ್‌ಸೆಟ್ಟಿನ ಲೈನಿನಿಂದಲೇ ಕರೆಂಟು. ಇಲ್ಲಿ ವಾಸವಿದ್ದೇವೆ ಎಂದು ಬರೆದುಕೊಟ್ಟರೆ ನಾಳೆ ಕರೆಂಟಿನವರು ಬಂದು ವೈರು ಕಿತ್ತರೆ? ಒಬ್ಬರು ನನ್ನನ್ನು ದೂರದಿಂದ ಕಂಡೇ ಬಲ್ಬು ಬಿಚ್ಚಿ ಒಳಗಿಟ್ಟಿದ್ದರು. "ಮಕ್ಳು ಇಸ್ಕೂಲಿಗೆ ಎಂಗೋ ಹೋಯ್ತವೆ ಬುಡು ಮೇಡಂ, ದೀಪ ಇಲ್ದೆ ಎಂಗಿರದು?" ಎಂದು ನನ್ನನ್ನೇ ಕೇಳಿದರು. ಇನ್ನು ಕೆಲವರು ಕಾರಣ ಹೇಳದೆ, ನಾವು ಅಣ್ಣತಮ್ಮಂದಿರನ್ನ ಒಂದು ಮಾತು ಕೇಳಬೇಕು ಎಂದು ಜಾರಿಕೊಂಡರು.

ಕೊನೆಗೆ ಉಳಿದವಳು ಆ ಹುಡುಗಿಯ ತಾಯಿ. ಮಗಳ ಓದಿನ ಮೇಲೆ ಅವಳಿಗೆ ಎಷ್ಟು ಆಸೆ ಎಂಬುದನ್ನು ನಾನು ಕಂಡಿದ್ದೆ. ಕೊಟ್ಟಿಗೆಯ ಗೋಡೆಯ ಮೇಲೆ ಮಗಳು ಇದ್ದಿಲಿನಲ್ಲಿ ಬರೆದಿದ್ದ ಅಕ್ಷರಗಳನ್ನು ಅಳಿಸಬಾರದು ಎಂದು ಆ ಗೋಡೆಗೆ ಸುಣ್ಣವನ್ನೇ ಹೊಡೆದಿರಲಿಲ್ಲ. ಅವಳು ಖಂಡಿತ ಹೇಳುತ್ತಾಳೆ ಎಂದೇ ನಾನು ಹೋಗಿದ್ದೆ. ಅವಳು ಹಸುವಿನ ಮೈ ತೊಳೆಯುವುದನ್ನು ನಿಲ್ಲಿಸಿ, ನಾನು ಹೇಳಿದ್ದನ್ನೆಲ್ಲ ಕೇಳಿ, ತಲೆ ಅಲ್ಲಾಡಿಸಿದಳು.

"ಆಗಕ್ಕಿಲ್ಲಕ್ಕ."

"ಯಾಕಮ್ಮ?"

"ತ್ವಾಟ ಬಾಯಿಮಾತಲ್ಲಿ ಪಾಲಾಗೈತೆ. ಮನೆ ಪಾಲಾಗಿಲ್ಲ. ಅಲ್ಲಿ ಎರಡು ಅಂಕಣದ ಜಾಗ ನಮ್ಮೆಜಮಾನ್ರದ್ದು ಅಂತ ಎಲ್ರಿಗೂ ಗೊತ್ತು, ಆದ್ರೆ ಬರವಣಿಗೇಲಿ ಇಲ್ಲ. ನಾನು ಆಫೀಸರ ಮುಂದೆ ನಿಂತ್ಕಂಡು ಊರ ಮನೇಲಿ ಇಲ್ಲ ಅಂತ ಸೈನ್ ಹಾಕುದ್ರೆ, ಭಾವನೋರು ನಾಳೆ ಏನಂತಾರೆ? ನೀನೇ ಬಿಟ್ಟು ಹೋದೆಯಲ್ಲ ಅಂತಾರೆ. ಇವಳಪ್ಪ ಇಲ್ಲ. ಇವಳಿಗೆ ಅಂತ ಇರೋದು ಅದೊಂದೇಯ."

ವಿಲೀನ ಆದರೆ ಮಗಳ ಶಾಲೆ ಏನಾಗುತ್ತದೆ ಎಂದು ಗೊತ್ತೇ ಎಂದು ಕೇಳಿದೆ. ಗೊತ್ತು ಅಂದಳು. ನಾಲೆ ಏರಿ ನಾನೂ ನೋಡಿದೀನಿ ಅಂದಳು. ಆಮೇಲೆ ನನ್ನ ಕೈ ಹಿಡಿದುಕೊಂಡು, ನಾನು ಇಲ್ಲಿದ್ದೀನಿ ಅಂತ ನಿಮಗೆ ಹೇಳಿದ್ದನ್ನ ಅಲ್ಲಿ ಹೇಳಬೇಡಿ ಅಕ್ಕ ಎಂದು ಕೇಳಿಕೊಂಡಳು. ಅವಳ ಒದ್ದೆ ಕೈ ತಣ್ಣಗಿತ್ತು. ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಕೊಡುವಾಗ ಅದರ ಭಾರ ಅಷ್ಟಾಗಿ ತಿಳಿದಿರಲಿಲ್ಲ, ಸಭೆಯಲ್ಲಿ ಬೇರೆ ಯಾರಾದರೂ ಬಾಯಿ ಬಿಟ್ಟಾರು ಎಂಬ ಆಸೆ ಇನ್ನೂ ಇತ್ತು.

ಸಭೆ ದೊಡ್ಡ ಶಾಲೆಯ ಹಾಲಿನಲ್ಲಿ ನಡೆಯಿತು. ಗಂಡಸರು ಬೆಂಚಿನ ಮೇಲೆ, ಹೆಂಗಸರು ಹಿಂದೆ ಜಮಖಾನದ ಮೇಲೆ. ಅವಳ ಭಾವ ಬಾಗಿಲ ಪಕ್ಕ ಕೈಕಟ್ಟಿಕೊಂಡು ನಿಂತಿದ್ದರು. ಅಧಿಕಾರಿ ವಿಲೀನದ ವಿಷಯವನ್ನು ವಿವರವಾಗಿ ಹೇಳಿದರು. ದೊಡ್ಡ ಶಾಲೆಯ ಅನುಕೂಲ ಹೇಳಿದರು, ಮಕ್ಕಳನ್ನು ಕರೆತರಲು ವ್ಯಾನು ಬರುತ್ತದೆ ಎಂದರು. ಆಮೇಲೆ ಕೊಟ್ಟ ಮಾತಿನಂತೆ ಕೇಳಿದರು.

"ನಿಮ್ಮಲ್ಲಿ ಊರೊಳಗೆ ಇರದೆ ತೋಟದಲ್ಲಿ ವಾಸ ಇರೋರು ಯಾರಾದ್ರೂ ಇದ್ರೆ ಕೈ ಎತ್ತಿ. ಭಯ ಬೇಡ."

ಒಂದು ಕೈಯೂ ಮೇಲೇಳಲಿಲ್ಲ. ಅವರು ಇನ್ನೊಮ್ಮೆ ಕೇಳಿದರು. ಫ್ಯಾನು ತಿರುಗುತ್ತಿತ್ತು. ಬೆಂಚಿನ ಮೇಲಿದ್ದ ಹಿರಿಯರೊಬ್ಬರು, "ಎಲ್ರದ್ದೂ ಊರಲ್ಲೇ ಮನೆ ಸಾರ್" ಅಂದರು. ಅದೂ ಸುಳ್ಳಲ್ಲ. ಚಿಕ್ಕ ಶಾಲೆಯ ಮೇಷ್ಟ್ರು ನೆಲ ನೋಡುತ್ತಿದ್ದರು. ತಮ್ಮ ಹುದ್ದೆ ಉಳಿಸಿಕೊಳ್ಳಲು ಹೇಳುತ್ತಿದ್ದಾರೆ ಅನ್ನಿಸಿಕೊಳ್ಳುವುದು ಅವರಿಗೆ ಬೇಡವಾಗಿತ್ತು.

ಅಧಿಕಾರಿ ನನ್ನ ಕಡೆ ತಿರುಗಿದರು. "ಮೇಡಂ, ನೀವು ಅಧ್ಯಯನ ಮಾಡಿದೀರಿ. ತೋಟಗಳಲ್ಲಿ ಸಂಸಾರ ಇದೆ ಅಂತ ನಕ್ಷೆ ತಂದಿದೀರಿ. ಒಂದು ಹೆಸರು ಹೇಳಿ. ಒಂದೇ ಒಂದು. ಈಗಲೇ ಬರೆಸ್ತೀನಿ."

ನಾನು ಎದ್ದು ನಿಂತೆ. ಎಲ್ಲ ಹೆಸರುಗಳೂ ನನ್ನ ಫೋನಿನಲ್ಲಿದ್ದವು. ಕರೆಂಟಿನ ಭಯದವರದ್ದೊಂದು ಹೆಸರು ಹೇಳಿಬಿಡಲೇ ಎಂದು ಯೋಚಿಸಿದೆ. ವೈರು ಕಿತ್ತರೆ ಮತ್ತೆ ಹಾಕಿಕೊಳ್ಳುತ್ತಾರೆ. ಆದರೆ ಅವರ ಮಕ್ಕಳಿಗೂ ಅದೇ ತೋಟ, ಅದೇ ಕತ್ತಲೆ. ಮಾಹಿತಿ ಕೇಳುವ ಮುಂಚೆ ಹೆಸರು ಹೊರಗೆ ಹೋಗುವುದಿಲ್ಲ ಎಂದು ಅವರಿಗೂ ಹೇಳಿದ್ದೆ. ಜಮಖಾನದ ಮೇಲೆ ಕೂತಿದ್ದ ಆ ತಾಯಿ ನನ್ನನ್ನು ನೋಡಲಿಲ್ಲ. ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಅವಳ ಜಡೆಯ ಟೇಪು ಬಿಚ್ಚಿ ಮತ್ತೆ ಕಟ್ಟುತ್ತಿದ್ದಳು. ಭಾವ ಮಾತ್ರ ನನ್ನನ್ನೇ ನೋಡುತ್ತಿದ್ದರು.

"ಹೆಸರು ಹೇಳೋ ಹಾಗಿಲ್ಲ ಸಾರ್" ಅಂದೆ. "ನೀವು ಈಗಲೇ ಬನ್ನಿ, ತೋಟಗಳನ್ನ ತೋರಿಸ್ತೀನಿ."

"ಬರ್ತೀನಿ. ಬಂದು ಕೇಳ್ತೀನಿ, ಇಲ್ಲೇ ಇರ್ತೀರಾ ಅಂತ. ಅವರು ಏನಂತಾರೆ?" ಎಂದು ಮೆಲ್ಲಗೆ ಕೇಳಿದರು. ಹಗಲು ಮಾತ್ರ ಇರ್ತೀವಿ ಸಾರ್ ಅನ್ನುತ್ತಾರೆ ಎಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. "ಹೆಸರಿಲ್ಲದ ಮನೆಗೆ ನಾನು ಶಾಲೆ ಹೇಗೆ ನಡೆಸ್ಲಿ ಮೇಡಂ?"

ನಾನು ಕೂತುಕೊಂಡೆ. ನಡಾವಳಿಯಲ್ಲಿ ಪೋಷಕರ ಆಕ್ಷೇಪಣೆ ಇಲ್ಲ ಎಂದು ಬರೆದರು. ಎಲ್ಲರೂ ಸಹಿ ಮಾಡಿದರು. ಅವಳೂ ಮಾಡಿದಳು. ಅಲ್ಲಿಂದ ಹೊರಗೆ ಬಂದು ಶಾಲೆಯ ನಲ್ಲಿಯಲ್ಲಿ ಮುಖ ತೊಳೆದುಕೊಳ್ಳುವಾಗ ನನಗೆ ತಡೆಯಲಾರದಷ್ಟು ಸಿಟ್ಟು ಬಂದಿತ್ತು. ಯಾರ ಮೇಲೆ ಎಂದು ಹೇಳಲು ಹೋದರೆ ಒಬ್ಬರೂ ಸಿಗುತ್ತಿರಲಿಲ್ಲ.

ವರದಿಯಲ್ಲಿ ಸಂಯೋಜಕರು ಆ ಅರಿವಿನ ಕೊರತೆಯ ವಾಕ್ಯವನ್ನು ತೆಗೆದುಹಾಕಿದರು. ತೆಂಗಿನ ಸೀಮೆಯಲ್ಲಿ ಮನೆ ಎಲ್ಲಿ ಎಂಬ ಪ್ರಶ್ನೆಯನ್ನು ಎಚ್ಚರದಿಂದ ಕೇಳಬೇಕು, ತೋಟಗಳನ್ನು ಜನವಸತಿ ಎಂದು ಗುರುತಿಸುವವರೆಗೆ ಇಲ್ಲಿ ವಿಲೀನ ತಡೆಹಿಡಿಯಬೇಕು ಎಂದು ನಾನು ಬರೆದುಕೊಟ್ಟದ್ದು ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ ಉಳಿಯಿತು. ಬೇರೆ ಕೆಲವು ಊರುಗಳಲ್ಲಿ ಜನ ಗಟ್ಟಿಯಾಗಿ ನಿಂತರು, ಅಲ್ಲಿನ ಶಾಲೆಗಳು ಬಚಾವಾದವು. ಇಲ್ಲಿ ಶಾಲೆ ತೆರೆಯುವ ಹೊತ್ತಿಗೆ ಬೆಂಚು, ಕಪಾಟು, ಬಿಸಿಯೂಟದ ಪಾತ್ರೆಗಳನ್ನು ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಊರಿಗೆ ತಂದರು. ಮೇಷ್ಟ್ರಿಗೆ ಬೇರೆ ಕಡೆ ವರ್ಗವಾಯಿತು. ವ್ಯಾನು ಸಹ ಬಂತು. ತೋಟದಲ್ಲಿ ಯಾರೂ ವಾಸವಿಲ್ಲವಾದ್ದರಿಂದ ಅದು ಪಕ್ಕದ ಇನ್ನೊಂದು ಹಳ್ಳಿಯ ಮಕ್ಕಳನ್ನು ಕರೆತರಲು ಹೋಗುತ್ತಿತ್ತು. ನಾಲೆಯ ಕಡೆ ಬರಲಿಲ್ಲ.

ಹೊಸದಾಗಿ ಕ್ಷೇತ್ರಕಾರ್ಯಕ್ಕೆ ಸೇರಿದವರಿಗೆ ತರಬೇತಿ ಕೊಡುವಾಗ ಸಂಯೋಜಕರು, ಮಾಹಿತಿ ಕೊಟ್ಟವರ ಗುಟ್ಟನ್ನು ಹೇಗೆ ಕಾಪಾಡಬೇಕು ಎಂಬುದಕ್ಕೆ ನನ್ನ ಉದಾಹರಣೆ ಕೊಡುತ್ತಾರೆ. ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಅದನ್ನು ಪಾಠ ಮಾಡಿ ಹೇಳುವಂಥ ಸಾಧನೆ ಅಂತ ನನಗೆ ಯಾವತ್ತೂ ಅನ್ನಿಸಿಲ್ಲ.

ವಿಲೀನದ ಪರಿಣಾಮ ನೋಡಿಕೊಂಡು ಬರಲು ಆ ಶಾಲಾ ವರ್ಷದ ಮಧ್ಯದಲ್ಲಿ ಮತ್ತೆ ಹೋದೆ. ದೊಡ್ಡ ಶಾಲೆಯ ಮುಖ್ಯ ಶಿಕ್ಷಕಿ ಎಲ್ಲ ಮಕ್ಕಳೂ ದಾಖಲಾಗಿದ್ದಾರೆ ಎಂದು ಸಂತೋಷದಿಂದ ಹೇಳಿದರು. ನಾನು ಆ ಹುಡುಗಿಯನ್ನು ಕೇಳಿದೆ. ಬರ್ತಾಳೆ, ಸ್ವಲ್ಪ ತಪ್ಪಿಸ್ತಾಳೆ ಅಂದರು. ಅವತ್ತೂ ಬಂದಿರಲಿಲ್ಲ.

ಸಂಜೆ ಹಾಲು ಹಾಕುವ ಹೊತ್ತಿಗೆ ಊರಿನ ಡೈರಿಯ ಮುಂದೆ ತಾಯಿ ಮಗಳು ಇಬ್ಬರೂ ಸಿಕ್ಕರು. ಮೆಟ್ಟಿಲ ಮೇಲೆ ಒತ್ತಿಕೊಂಡು ಕೂತಿದ್ದರು. ತಾಯಿ ನಡೆದದ್ದನ್ನು ಹೇಳಿದಳು. ಶಾಲೆ ಬದಲಾದ ಮೊದಲಿಗೆ ಬೆಳಗ್ಗೆ ತಾನು ಹಾಲು ತರುವಾಗಲೇ ಮಗಳನ್ನೂ ಕರೆತಂದು ಭಾವನ ಮನೆಯಲ್ಲಿ ಬಿಡುತ್ತಿದ್ದಳು. ಶಾಲೆಯ ಹೊತ್ತಿಗೆ ಇನ್ನೊಂದು ಸಲ ಬರಲು ಅವಳಿಗೆ ಆಗುತ್ತಿರಲಿಲ್ಲ, ಕಾಯಿ ಸುಲಿಯುವ ಕೆಲಸಕ್ಕೆ ಹೋಗಬೇಕಿತ್ತು. ಮಳೆ ಹಿಡಿದ ಮೇಲೆ ಏರಿ ಇನ್ನಷ್ಟು ಕುಸಿಯಿತು. ಹೆಣ್ಣು ಮಗ ದಿನಾ ಯಾಕೆ ಒದ್ದಾಡಬೇಕು, ಇಲ್ಲೇ ಇರಲಿ ಬುಡು ಎಂದು ವಾರಗಿತ್ತಿ ಹೇಳಿದಳು. ಈಗ ಹುಡುಗಿ ಅಲ್ಲೇ ಮಲಗುತ್ತಾಳೆ. ವಾರಗಿತ್ತಿ ಕೂಲಿಗೆ ಹೋದ ದಿನ ಅವಳ ಮೊಮ್ಮಗುವನ್ನು ಹುಡುಗಿಯೇ ಎತ್ತಿಕೊಂಡಿರಬೇಕು. ಅವತ್ತು ಶಾಲೆ ಇಲ್ಲ.

"ನೀವು ಅವತ್ತು ಹೆಸರು ಹೇಳ್ಲಿಲ್ಲ, ಒಳ್ಳೇದಾಯ್ತಕ್ಕ" ಅಂದಳು. "ಮನೆ ಉಳೀತು. ಇವಳು ಅದ್ರೊಳಗೆ ಅವ್ಳೆ. ಇನ್ಮೇಲೆ ಯಾರೂ ಏನೂ ಅನ್ನಂಗಿಲ್ಲ."

ನಾನು ಹುಡುಗಿಯ ಕಡೆ ತಿರುಗಿದೆ. ಅವಳನ್ನು ಮಾತಾಡಿಸಿದೆ. ಹೂಂ, ಊಹೂಂ ಅಂದಳು. ಬಾಯಿ ಮುಚ್ಚದ ಆ ಹುಡುಗಿ ಎಲ್ಲಿ ಹೋದಳೋ.

ಹಾಲು ಅಳೆದು ಮುಗಿದ ಮೇಲೆ ಇಬ್ಬರೂ ಎದ್ದರು. ಖಾಲಿ ಕ್ಯಾನು ಹುಡುಗಿ ಹಿಡಿದುಕೊಂಡಿದ್ದಳು. ನಾನೂ ಆಟೊ ಹಿಡಿಯಲೆಂದು ಅವರ ಹಿಂದೆ ನಡೆದೆ. ಊರು ಮುಗಿಯುವ ಕಡೆ, ಕೊನೆಯ ಕರೆಂಟು ಕಂಬದ ಹತ್ತಿರ, ತಾಯಿ ನಿಂತು ಕೈ ಚಾಚಿದಳು. ಹುಡುಗಿ ಕ್ಯಾನು ಕೊಡದೆ ಎರಡೂ ಕೈಯಲ್ಲಿ ತಬ್ಬಿಕೊಂಡಳು.

"ನಾನೂ ಬತ್ತೀನಿ ಕಣವ್ವ. ಬೆಳಿಗ್ಗೆ ಬೇಗ ಎದ್ದು ವಾಪಸ್ ಬತ್ತೀನಿ."

"ಹಬ್ಬಕ್ಕೆ ಕರ್ಕಂಡೋಗ್ತೀನಿ ಕಣೇ" ಅಂದಳು ತಾಯಿ. ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಕ್ಯಾನು ತೆಗೆದುಕೊಂಡು ನಾಲೆಯ ಕಡೆ ಹೊರಟಳು.